ಕೆಸರು ಗದ್ದೆಗೆ ಯಾವ ಕೊಯ್ಲು ಮೆಷಿನ್? ಸಹಾಯ ಬೇಕು

ನಮಸ್ಕಾರ. ನಮ್ಮದು ಕೊಡಗಿನ ಪೊನ್ನಂಪೇಟೆ ಹತ್ತಿರ 4 ಎಕರೆ ಗದ್ದೆ, ಇಂಟಾನ್ ಭತ್ತ. ಹುತ್ತರಿ (ಸುಗ್ಗಿ ಹಬ್ಬ) ಕಳೆದರೂ ಕೆಳಗಿನ ಗದ್ದೆಯಲ್ಲಿ ಕೆಸರು ಆರುವುದಿಲ್ಲ. ಟೈರಿನ ಮೆಷಿನ್ ಹೂತುಹೋಗುತ್ತದೆ, ಚೈನಿನದ್ದೇ ಬೇಕು. ಅಕ್ಕಪಕ್ಕದ ಮೂವರು ಸೇರಿ ಹಳೇದೊಂದು ಕೊಳ್ಳೋಣ ಅಂತ ಇದ್ದೇವೆ.

ಹೋದ ವರ್ಷ ಬಾಡಿಗೆಗೆ ಬಂದದ್ದು ಬೇಗ ಕೊಯ್ದಿತು, ನಿಜ. ಆದರೆ ಕಾಳು ತುಂಬಾ ಒಡೆದಿತ್ತು. ಹುಲ್ಲಿನ ಜೊತೆಗೂ ಭತ್ತ ಹೋಯಿತು, ನೋಡಿ ಹೊಟ್ಟೆ ಉರಿಯಿತು. ತೆನೆಯಿಂದ ಕಾಳು ಬಿಡಿಸುವ ಡ್ರಮ್ ವೇಗ ಜಾಸ್ತಿ ಆದರೆ ಕಾಳು ಒಡೆಯುತ್ತದೆ, ಕಡಿಮೆ ಆದರೆ ತೆನೆಯಲ್ಲೇ ಉಳಿಯುತ್ತದೆ, ಅಲ್ವಾ? ಹಸಿ ಭತ್ತಕ್ಕೆ ನೀವು ಎಷ್ಟು ಇಡುತ್ತೀರಿ? ಬೆಳಗಿನ ಇಬ್ಬನಿ ಆರುವವರೆಗೆ ಕಾಯುತ್ತೀರಾ?

ಡೀಸೆಲ್ ಲೆಕ್ಕ ಗಂಟೆಗಲ್ಲ, ಎಕರೆಗೆ ಹೇಳಿ. ನಮ್ಮ ಸಣ್ಣ ಗದ್ದೆಗಳಲ್ಲಿ ಮೆಷಿನ್ ತಿರುಗಿಸುವುದಕ್ಕೇ ಹೊತ್ತು ಹೋಗುತ್ತದೆ. ಸ್ವಂತ ಮೆಷಿನ್ ಇಟ್ಟವರು ದಯವಿಟ್ಟು ಬರೆಯಿರಿ.