ಅಪ್‌ಡೇಟ್: ಲಾರಿ ಹಾರ್ನ್ ಕೇಳಿದರೆ ನಡುಗುತ್ತೇನೆ ಅಂದಿದ್ದೆನಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಬೈಕ್ ಅಪಘಾತದಲ್ಲಿ ತಮ್ಮನ ಕಾಲು ಮುರಿಯಿತು, ನನಗೆ ಒಂದು ಗೀರೂ ಆಗಲಿಲ್ಲ. ಆದರೂ ನಿದ್ದೆ ಬರಲ್ಲ, ಹಾರ್ನ್ ಕೇಳಿದರೆ ಕೈ ನಡುಗುತ್ತೆ, ನಾನ್ಯಾಕೆ ಇಷ್ಟು ಪುಕ್ಕಲಿ ಆದೆ ಅಂತ. "ಇದು ಪುಕ್ಕಲುತನ ಅಲ್ಲ, 14416ಕ್ಕೆ ಫೋನ್ ಮಾಡಿ" ಅಂದವರಿಗೆ ಮೊದಲು ಕೈಮುಗಿಯುತ್ತೇನೆ.

ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತೆ. ರಾತ್ರಿ ಎರಡಕ್ಕೆ ಮಾಡಿದೆ. ಮಾತೇ ಹೊರಡಲಿಲ್ಲ, ಸುಮ್ನೆ ಅತ್ತೆ. ಆ ಕಡೆಯವರು ಕಾದರು. ಆಮೇಲೆ ಕನ್ನಡದಲ್ಲೇ ಮಾತಾಡಿದರು. ಅವರು ಹೇಳಿದಂತೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆ. ಅಪಾಯ ಮುಗಿದರೂ ಮಿದುಳು ಇನ್ನೂ ಕಾವಲು ಬಿಟ್ಟಿಲ್ಲ ಅಂದರು. ತಿಂಗಳು ದಾಟಿದರೂ ಹೀಗೇ ಇದ್ದರೆ ಪಿಟಿಎಸ್‌ಡಿ (ಆಘಾತದ ನಂತರವೂ ಕಾಡುವ ಮಾನಸಿಕ ತೊಂದರೆ) ಇರಬಹುದು, ಅದಕ್ಕೆ ಚಿಕಿತ್ಸೆ ಇದೆ ಅಂದರು. ಈಗ ವಾರಕ್ಕೊಮ್ಮೆ ಕೌನ್ಸೆಲಿಂಗ್.

ಕಳೆದ ಗುರುವಾರ ಬಸ್ ಸ್ಟ್ಯಾಂಡಲ್ಲಿ ಪಕ್ಕದಲ್ಲೇ ಲಾರಿ ಹಾರ್ನ್ ಹೊಡೆಯಿತು. ಎದೆ ಡವಡವ. ಹೇಳಿಕೊಟ್ಟಂತೆ ಕಣ್ಣಿಗೆ ಕಂಡ ಐದು ವಸ್ತು ಎಣಿಸಿದೆ: ಹೂವಿನ ಬುಟ್ಟಿ, ಕೆಂಪು ಬಸ್ಸು, ಅಜ್ಜಿಯ ಕೊಡೆ... ಐದಕ್ಕೆ ಬರುವಷ್ಟರಲ್ಲಿ ಉಸಿರು ಹದಕ್ಕೆ ಬಂತು.

ನಿದ್ದೆ ಈಗಲೂ ಪೂರ್ತಿ ಇಲ್ಲ. ಇದನ್ನೆಲ್ಲ ತಮ್ಮನಿಗೆ ಹೇಳಿದೆ. "ಅಕ್ಕಾ, ನಂಗೂ ಹಾಗೇ ಆಗ್ತಿದೆ" ಅಂದ. ಮುಂದಿನ ವಾರ ಇಬ್ಬರೂ ಹೋಗುತ್ತೇವೆ.