14 ದಿನ, ಏಳು ಊರು: ಯಜಮಾನರ ಪಟ್ಟಿಯಲ್ಲಿ ಯಾವುದಕ್ಕೆ ಗೆರೆ ಎಳೆಯಲಿ?

ತೋಟದಮನೆ, ತೀರ್ಥಹಳ್ಳಿ ಕಡೆ

ಬರುವ ಏಪ್ರಿಲ್‌ಗೆ ನಮ್ಮ ಮದುವೆಯಾಗಿ 25 ವರ್ಷ. ಇಷ್ಟು ವರ್ಷದಲ್ಲಿ ಇಬ್ಬರೇ ಹೋದ ದೂರದ ಊರು ಅಂದರೆ ಗೋಕರ್ಣ. ಈ ಸಲ ಅಡಿಕೆ ರೇಟು ಕೈ ಹಿಡಿದಿದೆ, ಯುರೋಪಿಗೇ ಹೋಗೋಣ ಅಂತ ಯಜಮಾನರು ಹೊರಟಿದ್ದಾರೆ. ಹಳೇ ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದಿದ್ದಾರೆ: ಲಂಡನ್, ಪ್ಯಾರಿಸ್, ಬೋರ್ಡೋ, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್‌ಲ್ಯಾಂಡ್, ವೆನಿಸ್, ರೋಮ್. ಇರೋದು 14 ದಿನ. ಮೇ 20ರೊಳಗೆ ಮನೆ ಸೇರಲೇಬೇಕು. ಮಳೆ ಹಿಡಿಯೋ ಮೊದಲು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ಮರ ಹತ್ತಿ ಹೊಡೆಯುವ ಕೊನೆಗಾರ ನಮಗೋಸ್ಕರ ಕಾಯುವುದಿಲ್ಲ.

ಬೋರ್ಡೋ ಯಾಕೆ ಅಂತ ನಗಬೇಡಿ. ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಆ ಊರಿನದೇ ಹೆಸರು. "30 ವರ್ಷ ಮೈಲುತುತ್ತ, ಸುಣ್ಣ ಕಲಸಿದ್ದೇನೆ. ಆ ಊರು ನೋಡದೇ ಬರೋದಾ?" ಅನ್ನುತ್ತಾರೆ.

ಎರಡು ದಿನಕ್ಕೊಮ್ಮೆ ಸೂಟ್‌ಕೇಸ್ ಎಳೆಯೋಕೆ ನನ್ನ ಮಂಡಿ ಒಪ್ಪುವುದಿಲ್ಲ. ಇಬ್ಬರೂ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಸಾಗರದ ಮಾಣಿ, ಈಗ ಜ್ಯೂರಿಕ್

ಅಕ್ಕ, ಮೊದಲು ಲಂಡನ್ ಬಿಡಿ. ಪಟ್ಟಿಯ ಉಳಿದ ಊರಿಗೆಲ್ಲ ಒಂದೇ ಷೆಂಗೆನ್ ವೀಸಾ ಸಾಕು, ಅದು ಲಂಡನ್‌ನಲ್ಲಿ ನಡೆಯುವುದಿಲ್ಲ. ಬೇರೆ ವೀಸಾ, ಬೇರೆ ದುಡ್ಡು. ಆಮ್‌ಸ್ಟರ್‌ಡ್ಯಾಮ್ ಟ್ಯುಲಿಪ್‌ಗಾಗಿ ತಾನೇ? ಮೇ ಮಧ್ಯಕ್ಕೆ ಆ ಹೂವಿನ ಕಾಲ ಮುಗಿದಿರುತ್ತದೆ. ವೆನಿಸ್ ಚೆಂದವೇ, ಆದರೆ ನಾಲ್ಕು ಹೆಜ್ಜೆಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ನಿಮ್ಮ ಮಂಡಿ ನೆನೆದು ಹೇಳುತ್ತಿದ್ದೇನೆ.

ಪ್ಯಾರಿಸ್ 5 ರಾತ್ರಿ, ಸ್ವಿಟ್ಜರ್‌ಲ್ಯಾಂಡಿನ ಲೌಟರ್‌ಬ್ರುನೆನ್ ಅನ್ನೋ ಹಳ್ಳಿಯಲ್ಲಿ 4, ರೋಮ್ 4. ವಿಮಾನ ಪ್ಯಾರಿಸ್‌ಗೆ ಇಳಿದು ರೋಮಿನಿಂದ ಹತ್ತುವ ಹಾಗೆ ಒಂದೇ ಟಿಕೆಟ್ ಮಾಡಿಸಿ. ಬಂದ ದಾರಿಯಲ್ಲೇ ಸುಮ್ನೆ ವಾಪಸ್ ಹೋಗೋದು ತಪ್ಪುತ್ತದೆ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ನೇರ ರೈಲಿದೆ, ಸುಮಾರು ನಾಲ್ಕು ತಾಸು. ಲೌಟರ್‌ಬ್ರುನೆನ್‌ನಿಂದ ರೋಮ್‌ಗೆ ಮಾತ್ರ ಮಿಲಾನ್ ಮೇಲೆ ಹೋಗಬೇಕು, ಒಂದು ದಿನ ಅದಕ್ಕೇ ಇಡಿ.

ಲೌಟರ್‌ಬ್ರುನೆನ್‌ನಲ್ಲಿ ಅಡುಗೆಮನೆ ಇರುವ ರೂಮು ಹಿಡಿಯಿರಿ. ಅಕ್ಕಿ, ಮೊಸರು ಕೋಪ್ ಅಂಗಡಿಯಲ್ಲಿ ಸಿಗುತ್ತದೆ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು, ಶನಿವಾರವೇ ತಂದಿಟ್ಟುಕೊಳ್ಳಿ. ಊರ ನೆತ್ತಿಯ ಮೇಲೇ ಸ್ಟಾಬ್‌ಬಾಕ್ ಜಲಪಾತ, 297 ಮೀಟರ್. ನಮ್ಮ ಜೋಗ 253. ಎತ್ತರದಲ್ಲಿ ಸೋತೆವು, ಆದರೆ ಜುಲೈನಲ್ಲಿ ಜೋಗದ ಅಬ್ಬರ ಕೇಳಿದವನಿಗೆ ಇದು ನೂಲು ಇಳಿಬಿಟ್ಟ ಹಾಗೆ ಕಾಣುತ್ತದೆ.

ವಿನೋಬನಗರ, ಶಿವಮೊಗ್ಗ

ಜಾಸ್ತಿ ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು. ನಮ್ಮ ಏಜೆಂಟ್ ಇದನ್ನು ನೋಡದೇ ಫ್ರಾನ್ಸ್‌ಗೆ ಹಾಕಿಸಿದ್ದ. ಹೋಟೆಲ್ ಬುಕಿಂಗ್ ನೋಡಿದರೆ ಇಟಲಿಯಲ್ಲಿ ಎರಡು ರಾತ್ರಿ ಹೆಚ್ಚು! ಎಲ್ಲ ಹೊಸದಾಗಿ ಮಾಡಿಸಿದೆವು. ಮೇಲಿನ ಲೆಕ್ಕದಲ್ಲಿ ನಿಮಗೆ ಫ್ರಾನ್ಸೇ ಸರಿ.

ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ತಗೊಳ್ಳುತ್ತಾರೆ. ಒಬ್ಬರಿಗೆ 90 ಯೂರೋ ಶುಲ್ಕ, ಅರ್ಜಿ ತಗೊಳ್ಳುವ ವೀಸಾ ಕೇಂದ್ರದವರ ಚಾರ್ಜು ಬೇರೆ. ಕಡಿಮೆ ಅಂದರೆ 30,000 ಯೂರೋ ವಿಮೆ ಬೇಕು. ನಾವೂ ತೋಟದವರೇ, ಸಂಬಳದ ಚೀಟಿ ಎಲ್ಲಿಂದ ತರೋದು? ಪಹಣಿ, ಅಡಿಕೆ ಮಂಡಿಯ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆವು. ಪಹಣಿಗೆ ಇಂಗ್ಲಿಷ್ ಅನುವಾದ ಸೇರಿಸಿ. ಬೆರಳಚ್ಚಿಗೆ ಇಬ್ಬರೂ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಕೊಪ್ಪದ ಕೃಷಿಕ

ಬೋರ್ಡೋ ಬಿಡಬೇಡಿ ತಾಯಿ! ಅಲ್ಲಿನ ಮೆಡಾಕ್ ಕಡೆಯ ರೈತರು ರಸ್ತೆ ಬದಿಯ ದ್ರಾಕ್ಷಿಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ರೋಗಕ್ಕಲ್ಲ, ದಾರಿಹೋಕರು ಕದ್ದು ತಿನ್ನಬಾರದು ಅಂತ. 1882ರಲ್ಲಿ ಮಿಲಾರ್ಡೆ ಅನ್ನುವ ಪ್ರೊಫೆಸರ್ ನೋಡಿದರೆ ಆ ಬಳ್ಳಿಗಳ ಎಲೆ ಮಾತ್ರ ಹಸಿರಾಗಿದೆ, ಉಳಿದದ್ದೆಲ್ಲ ಬೂಜು ಹಿಡಿದು ಉದುರಿದೆ. 1885ಕ್ಕೆ ಮದ್ದಿನ ಅಳತೆ ಪ್ರಕಟ ಮಾಡಿದರು. ನಮ್ಮ ಡ್ರಮ್ಮಿಗೆ ಬಂದದ್ದು ಅದೇ. ಪ್ಯಾರಿಸ್‌ನಿಂದ ವೇಗದ ರೈಲಲ್ಲಿ ಎರಡು ತಾಸು ಚಿಲ್ಲರೆ. ಬೆಳಿಗ್ಗೆ ಹೋಗಿ ರಾತ್ರಿ ಬನ್ನಿ, ಸೂಟ್‌ಕೇಸ್ ಪ್ಯಾರಿಸ್‌ನಲ್ಲೇ ಇರಲಿ.

ತೋಟದಮನೆ

ಎಲ್ಲ ಓದಿ ಹೇಳಿದೆ. "ಹಾಗಾದರೆ ಆ ಕಳ್ಳರಿಗೆ ಕೈಮುಗಿಯಬೇಕು" ಅಂದರು. ಲಂಡನ್, ಆಮ್‌ಸ್ಟರ್‌ಡ್ಯಾಮ್ ಮೇಲೆ ಗೆರೆ ಬಿತ್ತು. ವೆನಿಸ್ ಹತ್ತಿರ ಪೆನ್ನು ನಿಂತಿದೆ, ನೋಡೋಣ. ಇನ್ನೊಂದು: ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕುವಾಗ ಎಣ್ಣೆ ಸೋರದ ಹಾಗೆ ನೀವೆಲ್ಲ ಹೇಗೆ ಕಟ್ಟುತ್ತೀರಿ?