‘ಬ್ಲ್ಯಾಕ್ ಸ್ಟಾರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮಾಸ್ ಡೆಫ್ ಮತ್ತು ತಾಲಿಬ್ ಕ್ವೆಲಿ ‘ಬ್ಲ್ಯಾಕ್ ಸ್ಟಾರ್’ ಎಂಬ ಹೆಸರಿನಲ್ಲಿ ಜೊತೆಯಾಗಿ 1998ರಲ್ಲಿ ಹೊರತಂದ ಹಿಪ್‌ಹಾಪ್ ಆಲ್ಬಮ್ಮಿನ ಪರಿಚಯ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಈ ಹೆಸರಿನ ಮೂಲ, ಜಮೈಕಾ ಮೂಲದ ಹೋರಾಟಗಾರ ಮಾರ್ಕಸ್ ಗಾರ್ವಿ 1919ರಲ್ಲಿ ಕಟ್ಟಿದ ‘ಬ್ಲ್ಯಾಕ್ ಸ್ಟಾರ್ ಲೈನ್’ ಹಡಗು ಕಂಪನಿ. ಟೈಟಾನಿಕ್ ಹಡಗಿನ ಒಡೆತನವಿದ್ದ ‘ವೈಟ್ ಸ್ಟಾರ್ ಲೈನ್’ಗೆ ಎದುರಾಗಿ ಅವರು ಆ ಹೆಸರನ್ನು ಇಟ್ಟಿದ್ದರಿಂದ, ಬಣ್ಣವೂ ನಕ್ಷತ್ರವೂ ಅನುವಾದದಲ್ಲಿ ಉಳಿಯಲೇಬೇಕು. ‘ಬ್ಲ್ಯಾಕ್ ಈಸ್ ಬ್ಯೂಟಿಫುಲ್’ ಎಂಬ ಘೋಷಣೆಯನ್ನು ಸದ್ಯಕ್ಕೆ ‘ಕಪ್ಪೂ ಸುಂದರವೇ’ ಎಂದು ಬರೆದಿದ್ದೇನೆ. ಸರಿಯೇ? ಅಮೆರಿಕದ ಆಫ್ರಿಕನ್ ಮೂಲದ ಜನರನ್ನು ‘ಕರಿಯರು’ ಎನ್ನಬಹುದೇ?

ಉತ್ತರ 1:

‘ಕಪ್ಪುನಕ್ಷತ್ರ’ ಎಂದರೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ. ಅಚ್ಚಗನ್ನಡದ ‘ಕರಿಚುಕ್ಕಿ’ ಇರುವಾಗ ಸಾಲದ ಮಾತೇಕೆ? ಕರುನಾಡು ಎಂಬುದೇ ಎರೆಮಣ್ಣಿನ ‘ಕರಿನಾಡು’ ಎಂದು ಇಲ್ಲಿ ಹಲವು ಸಲ ಬರೆದಿದ್ದೇನೆ. ‘ಕರಿ’ಗಿಂತ ನಮ್ಮದಾದ ಪದ ಇನ್ನೊಂದಿಲ್ಲ. ‘ಆಲ್ಬಮ್’ ಕೂಡ ಬೇಡ, ‘ಹಾಡುಗಂತೆ’ ಎನ್ನಿ.

ಉತ್ತರ 2:

‘ಕರಿಚುಕ್ಕಿ’ ಖಂಡಿತ ಬೇಡ. ಚುಕ್ಕಿಗೆ ಕಪ್ಪು ಸೇರಿದೊಡನೆ ಕನ್ನಡದ ಕಿವಿಗೆ ಕೇಳಿಸುವುದು ಕಳಂಕ. ‘ಅವರ ಹೆಸರಿಗೊಂದು ಕಪ್ಪುಚುಕ್ಕೆ’ ಎಂದು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ತಮ್ಮ ಬಣ್ಣವನ್ನು ತಲೆಯೆತ್ತಿ ಹಾಡಿದವರಿಗೆ ಆ ಹೆಸರನ್ನು ಅಂಟಿಸಲಾಗದು. ‘ಕಪ್ಪುತಾರೆ’ ಎಂದು ಬರೆಯಿರಿ. ತಾರೆ ಸಂಸ್ಕೃತದಿಂದ ಬಂದು ಕನ್ನಡಕ್ಕೆ ಒಗ್ಗಿದ ತದ್ಭವವಾದ್ದರಿಂದ ಅರಿಸಮಾಸದ ತಕರಾರು ನಿಲ್ಲುವುದಿಲ್ಲ. ನಿಂತರೂ, ಬಿರುದಾವಳಿಯಲ್ಲಿ ಅದು ದೋಷವಲ್ಲವೆಂದು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಒಪ್ಪಿದ್ದಾನೆ, ಮತ್ತು ಇದು ಅವರಿಬ್ಬರೂ ಆರಿಸಿಕೊಂಡ ಬಿರುದು. ಕರುನಾಡಿನ ವ್ಯುತ್ಪತ್ತಿಗೆ ಇಲ್ಲಿ ಕೆಲಸವಿಲ್ಲ.

ನನಗೆ ಹೆಚ್ಚು ನೋವಾದದ್ದು ‘ಕಪ್ಪೂ ಸುಂದರವೇ’ ಎಂಬುದನ್ನು ಓದಿ. ಸುಂದರವಾದದ್ದು ಬೇರೆ ಇದೆ, ಕಪ್ಪಿಗೂ ಒಂದಿಷ್ಟು ಪಾಲು ಇರಲಿ ಎಂದು ಆ ‘ಊ’ ರಿಯಾಯಿತಿ ಕೊಡುತ್ತದೆ. ನನ್ನ ಅಕ್ಕನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಜಗುಲಿಯಲ್ಲಿ ಚಪ್ಪಲಿ ಮೆಟ್ಟುತ್ತಾ, ‘ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂದರು. ಅಕ್ಕ ಒಳಗೆ ಕಾಫಿ ಲೋಟಗಳನ್ನು ಎತ್ತುತ್ತಿದ್ದಳು, ಅವಳಿಗೆ ಕೇಳಿಸಿತು. ಆ ‘ಆದರೂ’ವಿನ ಕೊನೆಯಲ್ಲಿರುವುದು ಇದೇ ‘ಊ’. ಅಮೆರಿಕದಲ್ಲಿ 1960ರ ದಶಕದಲ್ಲಿ ಆ ಘೋಷಣೆ ಕೂಗಿದವರು ಬೇಡವೆಂದದ್ದು ಇಂಥ ರಿಯಾಯಿತಿಯನ್ನೇ; ಈ ಆಲ್ಬಮ್ಮಿನ ‘ಬ್ರೌನ್ ಸ್ಕಿನ್ ಲೇಡಿ’ ಹಾಡು ಹೆಣ್ಣಿನ ಮೈಬಣ್ಣವನ್ನು ಹೊಗಳುವಾಗಲೂ ಎಲ್ಲಿಯೂ ‘ಆದರೂ’ ಎನ್ನುವುದಿಲ್ಲ. ‘ಕಪ್ಪೇ ಚೆಲುವು’ ಎಂದರೆ ‘ಏ’ ಎಂಬ ಅವಧಾರಣೆಯ ಒತ್ತು ಮಿಕ್ಕೆಲ್ಲ ಬಣ್ಣಗಳನ್ನು ಹೊರಗಿಡುತ್ತದೆ, ಅವರು ಹೇಳಿದ್ದು ಅದೂ ಅಲ್ಲ. ನಮ್ಮ ವಾಕ್ಯಕ್ಕೆ ಕ್ರಿಯಾಪದದ ಹಂಗಿಲ್ಲ: ‘ಕಪ್ಪು ಚೆಲುವು’, ಎರಡೇ ಪದ ಸಾಕು.

‘ಕರಿಯರು’ ರೂಪದಲ್ಲಿ ‘ಬಿಳಿಯರು’ ಇದ್ದಂತೆಯೇ ಇದ್ದರೂ, ಬೀದಿಯಲ್ಲಿ ‘ಲೇ ಕರಿಯಾ’ ಎಂದು ಕೂಗಿಸಿಕೊಂಡವರಿಗೆ ಎರಡೂ ಒಂದೇ ಅಲ್ಲ. ‘ಕಪ್ಪುಜನ’ ಇರಲಿ. ಈ ಅರ್ಥದ ‘ಬ್ಲ್ಯಾಕ್’ ಪದವನ್ನು ದೊಡ್ಡಕ್ಷರದಿಂದ ಬರೆಯಬೇಕೆಂದು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2020ರಲ್ಲಿ ನಿರ್ಧರಿಸಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲವಾದ್ದರಿಂದ ಆ ಗೌರವವನ್ನು ‘ಜನ’ ಎಂಬ ಪದವೇ ಹೊರಬೇಕು.

‘ಆಲ್ಬಮ್’ ಹಾಗೆಯೇ ಇರಲಿ. ಓದುವವರಿಗೆ ಅದು ತಿಳಿಯುತ್ತದೆ.